ಕಾವೇರಿ ದಂಡೆಯ ತಂಗುದಾಣದಲ್ಲಿ ಫ್ಲೈ ಫಿಶಿಂಗ್: ರೂಮು ಬುಕ್ ಮಾಡುವ ಮೊದಲಿನ ಕೆಲಸಗಳು, ನದಿಗಿಳಿದ ಮೇಲಿನ ಕೆಲಸಗಳು

ಶ್ರೀರಂಗಪಟ್ಟಣ, ತಿ. ನರಸೀಪುರ, ಮಳವಳ್ಳಿ ಸುತ್ತಮುತ್ತ ಹೊಳೆಗೆ ಮುಖ ಮಾಡಿದ ತೋಟದ ಮನೆ, ಹೋಮ್‌ಸ್ಟೇ, ರೆಸಾರ್ಟ್‌ಗಳಿಗೆ ಬರವಿಲ್ಲ. ಗರಿ, ನೂಲು ಸುತ್ತಿ ಹುಳುವಿನಂತೆ, ಮರಿಮೀನಿನಂತೆ ಕಾಣುವ ಹಾಗೆ ಮಾಡಿದ ಗಾಳವೇ ಫ್ಲೈ, ಅದನ್ನು ಬೀಸಿ ಎಸೆದು ಮೀನು ಹಿಡಿಯುವುದು ಫ್ಲೈ ಫಿಶಿಂಗ್. ಅಲ್ಲಿಗೆ ಫ್ಲೈ ರಾಡ್ ಹೊತ್ತು ಹೋದವರಲ್ಲಿ ಬಹಳ ಮಂದಿ ಒಂದು ಮೀನೂ ಕಾಣದೆ ಬರುತ್ತಾರೆ. ಕೆಲವರು ಲೈನ್ ಬೀಸುವುದಕ್ಕೂ ಆಗದೆ ಬರುತ್ತಾರೆ. ಬಹುತೇಕ ಸಲ ಎಡವಟ್ಟಾಗುವುದು ಕೆಲಸದ ಸರದಿಯಲ್ಲಿ: ಮೊದಲು ರೂಮು, ಆಮೇಲೆ ರಾಡು, ಕೊನೆಗೆ ಹೊಳೆ. ಈ ಸರದಿಯನ್ನು ತಿರುಗಿಸಿ. ಮೊದಲು ಅನುಮತಿ, ಆಮೇಲೆ ನೀರಿನ ಲೆಕ್ಕ, ಆಮೇಲೆ ರೂಮು. ಸಲಕರಣೆ ಅದಾದ ಮೇಲೆ.

ಹಂತ 1: ಆ ನೀರಿನಲ್ಲಿ ಗಾಳ ಹಾಕಬಹುದೇ?

ದಂಡೆ ಖಾಸಗಿಯದಾದರೂ ಹೊಳೆ ಸರ್ಕಾರದ್ದು. ತೋಟದ ಮಾಲೀಕರು ತಮ್ಮ ಜಮೀನಿನಲ್ಲಿ ನಿಲ್ಲಲು ಜಾಗ ಕೊಡಬಹುದು, ಹರಿಯುವ ನೀರಿನ ಮೀನನ್ನು ಕೊಡಲಾರರು. 'ನಮ್ಮ ಜಾಗ, ನಮ್ಮ ಹೊಳೆ, ಏನೂ ತೊಂದರೆಯಿಲ್ಲ ಬನ್ನಿ ಸಾರ್' ಎಂಬ ಮಾತೇ ಮೊದಲ ಎಚ್ಚರಿಕೆಯ ಗಂಟೆ.

ನೋಡಬೇಕಾದ ಸಂಗತಿ ಎರಡು. ಒಂದು, ಆ ಜಾಗ ಅಭಯಾರಣ್ಯದೊಳಗೆ ಇದೆಯೇ ಎಂಬುದು. ರಂಗನತಿಟ್ಟು ಪಕ್ಷಿಧಾಮದ ನೀರು, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ವನ್ಯಜೀವಿಧಾಮ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತೇನೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಭೀಮೇಶ್ವರಿಯಲ್ಲಿ ದೊಡ್ಡ ಮಹಶೀರ್ (ಬಿಳಿಮೀನು) ಎತ್ತಿ ಹಿಡಿದ ಹಳೆಯ ಫೋಟೊಗಳು ಈಗಲೂ ಇಂಟರ್ನೆಟ್‌ನಲ್ಲಿ ಓಡಾಡುತ್ತಿವೆ. ಅವನ್ನು ನಂಬಿ ಮುಂಗಡ ಕಟ್ಟಬೇಡಿ.

ಎರಡು, ಅಭಯಾರಣ್ಯದ ಹೊರಗಾದರೆ ಆ ಪಾತ್ರದ ಮೀನುಗಾರಿಕೆ ಹಕ್ಕು ಯಾರಲ್ಲಿದೆ ಎಂಬುದು. ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996ರ ಅಡಿ ಹಿಡಿಯುವ ಹಕ್ಕು ಪರವಾನಗಿ ಅಥವಾ ಗುತ್ತಿಗೆಯ ಮೂಲಕ ಹೋಗುತ್ತದೆ. ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ. ಊರ ಹೆಸರು, ದಂಡೆಯ ಗುರುತು, ಗಾಳದಿಂದ ಹಿಡಿದು ಬಿಡುವ ಉದ್ದೇಶ ಮೂರನ್ನೂ ಬರೆದು ಕೇಳಿ. ಕಾಡಿನ ಅಂಚಿನ ಜಾಗವಾದರೆ ವಲಯ ಅರಣ್ಯಾಧಿಕಾರಿಯನ್ನೂ ವಿಚಾರಿಸಿ. ಉತ್ತರ ಕಾಗದದ ಮೇಲಿರಲಿ, ಅದರ ಪ್ರತಿ ನಿಮ್ಮ ಬ್ಯಾಗಿನಲ್ಲಿರಲಿ.

ಅಣೆಕಟ್ಟೆಯ ಭದ್ರತಾ ವಲಯ, ಕುಡಿಯುವ ನೀರಿನ ಪಂಪ್‌ಹೌಸ್, ದೇವಸ್ಥಾನದ ಮಡು ಇವುಗಳ ಬಳಿ ಕೇಳುವ ಪ್ರಮೇಯವೇ ಇಲ್ಲ, ಬಿಟ್ಟುಬಿಡಿ. ಪಶ್ಚಿಮವಾಹಿನಿ, ಸಂಗಮದಂಥ ಸ್ನಾನಘಟ್ಟಗಳನ್ನೂ ಬಿಡಿ. ಫ್ಲೈ ಲೈನ್ ಎಸೆಯುವಾಗ ಗಾಳ ನಿಮ್ಮ ಬೆನ್ನ ಹಿಂದೆ ಹತ್ತು ಮೀಟರಿಗೂ ದೂರ ಹೋಗಿ ಬರುತ್ತದೆ. ಅಲ್ಲಿ ಯಾರೋ ಅಸ್ಥಿ ಬಿಡಲು ಬಂದು ನಿಂತಿರುತ್ತಾರೆ.

ಅನುಮತಿ ಸಿಗಲಿಲ್ಲವೇ? ಪ್ಲಾನ್ ಕೈಬಿಡಬೇಕಿಲ್ಲ. ಸ್ವಂತ ಕೃಷಿ ಹೊಂಡದಲ್ಲಿ ಕಟ್ಲ, ರೋಹು, ಸಾಮಾನ್ಯ ಗೆಂಡೆ ಸಾಕಿರುವ ಹೊಳೆದಂಡೆಯ ತೋಟ ಹುಡುಕಿ. ಹೊಂಡದ ಮೀನು ಮಾಲೀಕರದ್ದೇ, ಅವರು ಒಪ್ಪಿದರೆ ಸಾಕು. ಮೊದಲ ಸಲದವರಿಗೆ ಇದೇ ವಾಸಿ: ಹರಿವಿಲ್ಲ, ಸುಳಿಯಿಲ್ಲ, ಬೆನ್ನ ಹಿಂದೆ ಬಯಲು.

ಹಂತ 2: ತಿಂಗಳು ಮತ್ತು ನೀರು

ಜೂನ್‌ನಿಂದ ಸೆಪ್ಟೆಂಬರ್ ಹೊಳೆ ತುಂಬುವ ಕಾಲ. ನೀರು ಕೆಂಪಗಿರುತ್ತದೆ, ಮೀನು ಮೊಟ್ಟೆಯಿಡಲು ಏರುತ್ತಿರುತ್ತದೆ. ಆಗ ಹೋಗಬೇಡಿ. ಅಕ್ಟೋಬರ್, ನವೆಂಬರ್ ಹಿಂಗಾರಿನ ಕಾಲವಾದ್ದರಿಂದ ಹೀಗೇ ಎಂದು ಹೇಳಲಾಗದು. ನೀರು ತಿಳಿಯಾಗಿ ಬಂಡೆಗಳು ತಲೆ ಎತ್ತುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅದೇ ಸರಿಯಾದ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಾದು ಅದರಲ್ಲಿನ ಆಮ್ಲಜನಕ ಇಳಿದಿರುತ್ತದೆ. ಆಗ ಹಿಡಿದ ಮೀನನ್ನು ಬಿಟ್ಟರೂ ಅದು ಬದುಕುವ ಖಾತ್ರಿಯಿಲ್ಲ.

ತಿಂಗಳು ಸರಿಯಿದ್ದರೂ ದಿನ ಕೆಡಬಹುದು. ಇಲ್ಲಿನ ಕಾವೇರಿ ಮಳೆಯ ಮಾತು ಮಾತ್ರ ಕೇಳುವ ಹೊಳೆಯಲ್ಲ, ಗೇಟಿನ ಮಾತೂ ಕೇಳುತ್ತದೆ. ಬೇಸಿಗೆ ಬೆಳೆಗೆ ಅಥವಾ ತಮಿಳುನಾಡಿಗೆ ನೀರು ಬಿಟ್ಟರೆ ಒಂದೇ ರಾತ್ರಿಯಲ್ಲಿ ಪಾತ್ರದ ಚಹರೆ ಬದಲಾಗುತ್ತದೆ. ಹಾಗಾಗಿ ಹೊರಡುವ ಒಂದು ವಾರ ಮುಂಚಿನಿಂದ ಪತ್ರಿಕೆಯ ಜಲಾಶಯ ಮಟ್ಟದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಆದರೆ ಗಾಳ ಹಾಕುವವರಿಗೆ ಬೇಕಾದದ್ದು ಮಟ್ಟಕ್ಕಿಂತ ಹೆಚ್ಚಾಗಿ ಹೊರಹರಿವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ನಾಲೆಗೆ ಎಷ್ಟು, ನದಿಗೆ ಎಷ್ಟು ಎಂದು ಬೇರೆ ಬೇರೆ ಕೊಟ್ಟಿದ್ದರೆ ನದಿಯ ಅಂಕಿ ಮಾತ್ರ ತೆಗೆದುಕೊಳ್ಳಿ. ಮೂರು ದಿನ ಒಂದೇ ತೆರನಾಗಿದ್ದರೆ ಹೊರಡಿ. ದಿನದಿನಕ್ಕೆ ಏರುತ್ತಿದ್ದರೆ ದಿನಾಂಕ ಮುಂದೂಡಿ.

ಜಾಗ ಯಾವುದು ಎಂಬುದರ ಮೇಲೆ ಯಾವ ಅಂಕಿ ನೋಡಬೇಕು ಎನ್ನುವುದೂ ಬದಲಾಗುತ್ತದೆ. ಇದನ್ನು ಮರೆಯುವವರೇ ಹೆಚ್ಚು. ಶ್ರೀರಂಗಪಟ್ಟಣದ ಬಳಿಯಾದರೆ ಕೆಆರ್‌ಎಸ್ ಸಾಕು. ತಿ. ನರಸೀಪುರದ ಕೆಳಗಾದರೆ ಕಪಿಲೆ ಬಂದು ಸೇರಿರುತ್ತಾಳೆ, ಕಬಿನಿ ಜಲಾಶಯದ ಹೊರಹರಿವನ್ನೂ ಕೂಡಿಸಿ. ಶಿವನಸಮುದ್ರದ ಕೆಳಗೆ ವಿದ್ಯುದಾಗಾರದಿಂದ ಬಿಡುವ ನೀರಿನ ಏರಿಳಿತವೂ ಸೇರುತ್ತದೆ. ಅಲ್ಲಿ ಬೆಳಿಗ್ಗೆ ನಿಂತಿದ್ದ ಬಂಡೆ ಮಧ್ಯಾಹ್ನಕ್ಕೆ ಮುಳುಗಬಹುದು.

ಹಂತ 3: ಮುಂಗಡ ಕಟ್ಟುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು

ಊಟ, ಎಸಿ, ಬಿಸಿನೀರು ಯಾರಾದರೂ ಹೇಳುತ್ತಾರೆ. ನೀವು ಇವನ್ನು ಕೇಳಿ:

1. ನಿಲ್ಲುವ ಜಾಗದಿಂದ ನೀರು ಎಷ್ಟು ದೂರ, ಮಧ್ಯೆ ಗದ್ದೆಯಿದೆಯೇ, ಕಡಿದಾದ ದಂಡೆಯಿದೆಯೇ?
2. ದಂಡೆಯಲ್ಲಿ ಬೆನ್ನ ಹಿಂದೆ ಕನಿಷ್ಠ 12 ಮೀಟರ್ ಬಯಲಿದೆಯೇ, ಅಥವಾ ಬಿದಿರು ಮೆಳೆ, ತೆಂಗು, ತಂತಿ ಬೇಲಿಯೇ?
3. ಪಂಪ್‌ಸೆಟ್ಟಿನ ವಿದ್ಯುತ್ ತಂತಿ ದಂಡೆಯ ಮೇಲೆ ಎಲ್ಲಿ ಹಾದಿದೆ?
4. ಆ ಪಾತ್ರ ಬಲ್ಲ ಸ್ಥಳೀಯರೊಬ್ಬರು ಜೊತೆಗೆ ಬರುತ್ತಾರೆಯೇ? ತೆಪ್ಪವಿದ್ದರೆ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ?
5. ನೀರು ಏರಿ ಹೊಳೆಗೆ ಇಳಿಯಲಾಗದಿದ್ದರೆ ಹಣ ವಾಪಸ್ಸೇ, ಬೇರೆ ದಿನಾಂಕವೇ?

ಮೂರನೇ ಪ್ರಶ್ನೆಯನ್ನು ನಕ್ಕು ಬಿಡುವವರಿದ್ದಾರೆ. ಫ್ಲೈ ರಾಡ್‌ಗಳಲ್ಲಿ ಬಹುಪಾಲು ಕಾರ್ಬನ್ ನಾರಿನವು, ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಮಂಡ್ಯದ ಕಡೆ ಹೊಳೆ ಬದಿಯ ಗದ್ದೆಗಳ ಮೇಲೆ ತಂತಿ ಜೋತುಬಿದ್ದಿರುವುದು ಹೊಸದೇನಲ್ಲ. ಒಂಬತ್ತಡಿ ರಾಡನ್ನು ಜೋಡಿಸಿ ಹೆಗಲ ಮೇಲಿಟ್ಟು ಗದ್ದೆ ಬದುವಿನಲ್ಲಿ ನಡೆಯಲೇಬೇಡಿ. ಬಿಚ್ಚಿ ಒಯ್ಯಿರಿ, ದಂಡೆಯಲ್ಲಿ ಜೋಡಿಸಿ.

ಐದನೇ ಪ್ರಶ್ನೆಯ ಉತ್ತರ ವಾಟ್ಸ್ಯಾಪ್‌ನಲ್ಲಿ ಬರಹದಲ್ಲಿ ಬರಲಿ. ದಿನ ಎಷ್ಟಿರಬೇಕು ಎಂದರೆ, ಎರಡು ರಾತ್ರಿಗಿಂತ ಕಡಿಮೆ ಬೇಡ. ಒಂದು ರಾತ್ರಿ ತಂಗಿದರೆ ಕೈಗೆ ಸಿಗುವುದು ಒಂದು ಸಂಜೆ, ಒಂದು ಬೆಳಿಗ್ಗೆ. ಹೊಳೆ ಅರ್ಥವಾಗುವಷ್ಟರಲ್ಲಿ ಚೆಕ್‌ಔಟ್ ಆಗಿರುತ್ತದೆ. ಶನಿವಾರ, ಭಾನುವಾರ ಪಕ್ಕದ ರೂಮಿನವರು ನೀರಾಟಕ್ಕೆ ಇಳಿದರೆ ಮೀನು ಚದುರುತ್ತದೆ, ವಾರದ ನಡುವಿನ ದಿನ ಹಿಡಿಯಿರಿ.

ಹಂತ 4: ಸಲಕರಣೆ

ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಅಥವಾ ಎರೆಯ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈಗೆ ಭಾರವೇ ಇಲ್ಲ. ದಪ್ಪ ಲೈನಿನ ಭಾರವೇ ಅದನ್ನು ಒಯ್ಯಬೇಕು. ಆದ್ದರಿಂದ ರಾಡಿನ ಮೇಲೆ ಬರೆದ ಸಂಖ್ಯೆಯೂ ಲೈನಿನ ಸಂಖ್ಯೆಯೂ ಒಂದೇ ಇರಬೇಕು. 8ರ ರಾಡಿಗೆ 5ರ ಲೈನ್ ಹಾಕಿದರೆ ರಾಡ್ ಬಾಗುವುದೇ ಇಲ್ಲ, ಲೈನ್ ಕಾಲ ಬಳಿಯೇ ರಾಶಿ ಬೀಳುತ್ತದೆ. ಊರಿನ ಗಾಳದ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಪಿನ್ನಿಂಗ್ ರಾಡ್, ನೈಲಾನ್ ದಾರ. ಫ್ಲೈ ಸಾಮಾನನ್ನು ಒಂದು ತಿಂಗಳು ಮುಂಚೆಯೇ ತರಿಸಿಕೊಳ್ಳಿ.

ಕೃಷಿ ಹೊಂಡಕ್ಕೆ, ಸಣ್ಣ ಗೆಂಡೆಗೆ, ಜಿಲೇಬಿ ಮೀನಿಗೆ 9 ಅಡಿಯ 6ನೇ ಸಂಖ್ಯೆಯ ರಾಡ್ ಧಾರಾಳ. ಹೊಳೆಯ ಹರಿವಿಗೆ, ಬಿಳಿಮೀನಿನ ಆಸೆಯಿದ್ದರೆ, 9 ಅಡಿಯ 8ನೇ ಸಂಖ್ಯೆ. ಎರಡೂ ಕೊಳ್ಳುವ ಮೊದಲು ಯಾವ ನೀರಿಗೆ ಅನುಮತಿ ಸಿಕ್ಕಿದೆ ಎಂದು ನೋಡಿ. ಹಂತ 1 ಮೊದಲು ಬರುವುದು ಇದಕ್ಕೇ.

ರೀಲಿಗೆ ಸುತ್ತುವ ಕ್ರಮ ಹೀಗೆ. ತಳದಲ್ಲಿ ಬ್ಯಾಕಿಂಗ್ ದಾರ, 8ರ ರೀಲಿಗೆ 20 ಅಥವಾ 30 ಪೌಂಡ್ ಎಳೆತ ತಾಳುವಂಥದ್ದು ಸುಮಾರು 150 ಮೀಟರ್. ಅದರ ಮೇಲೆ ಮುಂಭಾಗ ದಪ್ಪವಿರುವ, ತೇಲುವ ಫ್ಲೈ ಲೈನ್. ಅದರ ತುದಿಗೆ ಬರಬರುತ್ತ ಸಣ್ಣಗಾಗುವ 9 ಅಡಿ ದಾರ, ಅದೇ ಲೀಡರ್. ಕೊನೆಗೆ ಫ್ಲೈ ಕಟ್ಟುವ ತೆಳು ದಾರ, ಅಂದರೆ ಟಿಪ್ಪೆಟ್: ಹೊಂಡಕ್ಕೆ 8 ಪೌಂಡ್, ಹೊಳೆಗೆ 16 ಪೌಂಡ್. ತೆಳು ಟಿಪ್ಪೆಟ್ ಹಾಕಿದರೆ ಮೀನು ಸುಲಭಕ್ಕೆ ಮೋಸಹೋಗುತ್ತದೆ ನಿಜ, ಆದರೆ ಬಂಡೆಗೆ ಉಜ್ಜಿದ ತಕ್ಷಣ ಹರಿದು ಗಾಳ ಮೀನಿನ ಬಾಯಲ್ಲೇ ಉಳಿಯುತ್ತದೆ. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣ ಗಂಟು ಬಿಸಿಯಾಗಿ ದಾರವನ್ನು ಸುಡುತ್ತದೆ.

ಫ್ಲೈಗಳು ಹತ್ತು ಹನ್ನೆರಡು ಸಾಕು. ಮರಿಮೀನಿನಂತೆ ಕಾಣುವ ಕ್ಲೌಸರ್ ಮಿನ್ನೋ ಮತ್ತು ವೂಲಿ ಬಗ್ಗರ್, 4ರಿಂದ 8ರ ಅಳತೆಯಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಗಾಳ ಸಣ್ಣದು). ಸಣ್ಣ ಮೀನಿಗೆ ನೀರಿನೊಳಗಿನ ಹುಳುವಿನಂಥ ನಿಂಫ್, 10ರಿಂದ 14ರ ಅಳತೆ. ಜೊತೆಗೆ ಕೆಂಗಂದು ಬಣ್ಣದ ಗುಂಡಗಿನ ಒಂದೆರಡು ಇರಲಿ. ದಂಡೆಯ ಅತ್ತಿಮರ ಹಣ್ಣು ಉದುರಿಸುವಾಗ ಕೆಳಗೆ ಬಿಳಿಮೀನು, ಗೆಂಡೆಗಳು ಕಾದಿರುತ್ತವೆ. ಆಗ ಬೇರೆ ಯಾವ ಫ್ಲೈಯನ್ನೂ ಮೂಸಿ ನೋಡುವುದಿಲ್ಲ. ಎಲ್ಲ ಗಾಳಗಳ ಬಾರ್ಬ್ ಎನ್ನುವ ಹಿಮ್ಮುಳ್ಳನ್ನು ಚಿಮಟದಿಂದ ಒತ್ತಿ ಮಟ್ಟ ಮಾಡಿ. ಇದು ಮೀನಿಗೆ ಒಳ್ಳೆಯದು, ನಿಮ್ಮ ಕಿವಿಗೆ ಇನ್ನೂ ಒಳ್ಳೆಯದು.

ಬಿಟ್ಟು ಹೋಗಲೇಬಾರದ ಬೇರೆ ಸಾಮಾನು: ಪೋಲರಾಯ್ಡ್ ಕನ್ನಡಕ (ನೀರಿನೊಳಗಿನ ಬಂಡೆ ಕಾಣಲಿಕ್ಕೂ, ಕಣ್ಣಿಗೆ ಗಾಳ ಬಡಿಯದಿರಲಿಕ್ಕೂ), ಅಂಚಿರುವ ಟೋಪಿ, ಉದ್ದ ಮೂತಿಯ ಚಿಮಟ, ಗಂಟಿಲ್ಲದ ರಬ್ಬರ್ ಬಲೆಯ ಹಿಡಿಬುಟ್ಟಿ, ಜಾರದ ತಳದ ಶೂ, ಭುಜದೆತ್ತರದ ಕೋಲು. ಹವಾಯಿ ಚಪ್ಪಲಿ ರೂಮಿನಲ್ಲಿರಲಿ.

ಹಂತ 5: ಹೊಳೆಗೆ ಮೊದಲು ಮೈದಾನ

ಹೊಳೆಯಲ್ಲಿ ಕಲಿಯುತ್ತೇನೆ ಎಂದು ಹೊರಟವರು ಮೊದಲ ದಿನವನ್ನು ಗಂಟು ಬಿಡಿಸುವುದರಲ್ಲೇ ಕಳೆಯುತ್ತಾರೆ. ಹತ್ತು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಹುಲ್ಲಿರುವ ಆಟದ ಮೈದಾನದಲ್ಲಿ ಬೀಸಿ. ಗಾಳದ ಬದಲು ಉಣ್ಣೆ ದಾರದ ಕುಚ್ಚು ಕಟ್ಟಿ. ಸಿಮೆಂಟು ನೆಲ ಬೇಡ, ಲೈನಿನ ಮೇಲ್ಪದರ ಕಿತ್ತುಹೋಗುತ್ತದೆ.

ಪಕ್ಕದಲ್ಲಿ ದೊಡ್ಡ ಗಡಿಯಾರವಿದೆ, ತಲೆಯ ಮೇಲೆ ಹನ್ನೆರಡು, ಮುಂದಕ್ಕೆ ಒಂಬತ್ತು ಎಂದುಕೊಳ್ಳಿ. ರಾಡಿನ ತುದಿ ಹತ್ತು ಗಂಟೆಯಿಂದ ಒಂದು ಗಂಟೆಯ ಜಾಗಕ್ಕೆ ಹಿಂದೆ ಹೋಗಿ ನಿಲ್ಲಬೇಕು. ಲೈನ್ ಪೂರ್ತಿ ಹಿಂದಕ್ಕೆ ಚಾಚಿಕೊಳ್ಳುವವರೆಗೆ ತಡೆಯಿರಿ, ಆಮೇಲೆ ಮುಂದಕ್ಕೆ. ಆ ತಡೆಯುವ ಗಳಿಗೆಯಲ್ಲೇ ಎಲ್ಲರೂ ಎಡವುವುದು. ಹಿಂದೆ ಚಾಟಿ ಹೊಡೆದಂತೆ 'ಚಟ್' ಎಂದರೆ ನೀವು ಅವಸರ ಮಾಡಿದಿರಿ, ಗಾಳವಿದ್ದಿದ್ದರೆ ಕಿತ್ತು ಹೋಗಿರುತ್ತಿತ್ತು. ಲೈನ್ ಹಿಂದಿನ ಹುಲ್ಲಿಗೆ ತಾಗುತ್ತಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತಿದೆ. ರಾಡಿನ ಹಿಡಿಯನ್ನು ಅಂಗಿಯ ತೋಳಿನೊಳಗೆ ತುರುಕಿ ಬೀಸಿ, ಕೈ ತಾನೇ ತಿದ್ದಿಕೊಳ್ಳುತ್ತದೆ. ಲೀಡರಿನಲ್ಲಿ ಸಣ್ಣ ಗಂಟು ಬಿದ್ದಿದೆಯೇ ಎಂದು ಆಗಾಗ ಬೆರಳಾಡಿಸಿ ನೋಡಿ. ಅಂಥ ಗಂಟಿರುವ ದಾರದ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ, ಮುಲಾಜಿಲ್ಲದೆ ಕತ್ತರಿಸಿ ಹೊಸದು ಕಟ್ಟಿ. ಹತ್ತು ಮೀಟರ್ ದೂರದ ಮಂಕರಿಯೊಳಗೆ ಹತ್ತರಲ್ಲಿ ಆರು ಸಲ ಬಿದ್ದರೆ ಸಾಕು. ಹೊಳೆಯಲ್ಲಿ ಅದಕ್ಕಿಂತ ದೂರ ಬೇಕಾಗುವುದು ಅಪರೂಪ.

ಹಂತ 6: ತಲುಪಿದ ದಿನ

ತಲುಪಿದ ಸಂಜೆ ರಾಡ್ ತೆಗೆಯಬೇಡಿ. ಸ್ಥಳೀಯರೊಬ್ಬರ ಜೊತೆ ದಂಡೆಯುದ್ದಕ್ಕೂ ನಡೆಯಿರಿ. ಎಲ್ಲಿ ಮಡು, ಎಲ್ಲಿ ಸುಳಿ, ದನ ಎಲ್ಲಿ ಇಳಿಯುತ್ತವೆ, ಊರ ಮೀನುಗಾರರ ಬಲೆ ಎಲ್ಲಿದೆ ಎಂದು ಕೇಳಿ. ನೀರಿನ ಮೇಲೆ ಸಾಲಾಗಿ ಪ್ಲಾಸ್ಟಿಕ್ ಬಾಟಲಿ ತೇಲುತ್ತಿದ್ದರೆ ಅವು ಬಲೆಯ ಬೆಂಡುಗಳು. ಅದು ಒಬ್ಬರ ಹೊಟ್ಟೆಪಾಡು, ಅಲ್ಲಿಂದ ಐವತ್ತು ಮೀಟರ್ ದೂರವಿರಿ.

ಮೀನು ನಿಲ್ಲುವ ಜಾಗಗಳು ಮೂರು: ಬಂಡೆಯ ಹಿಂದಿನ ನಿಂತ ನೀರು, ರಭಸದ ಹರಿವೂ ನಿಧಾನದ ಹರಿವೂ ಸೇರುವ ಅಂಚು, ಮರದ ಕೊಂಬೆ ಬಾಗಿದ ನೆರಳು. ನಡುಹೊಳೆಗೆ ಎಸೆಯುವ ಹುಮ್ಮಸ್ಸು ಬೇಡ, ಮೊದಲ ಎಸೆತ ನಿಮ್ಮ ಕಾಲಿಂದ ನಾಲ್ಕು ಮೀಟರಿಗೆ ಇರಲಿ. ದಡದ ಮೀನನ್ನು ತುಳಿದು ಓಡಿಸಿ, ಆಮೇಲೆ ದೂರಕ್ಕೆ ಎಸೆಯುವುದೇ ರೂಢಿಯಾಗಿಬಿಟ್ಟಿದೆ.

ಮರುದಿನ ಬೆಳಕು ಹರಿದ ಮೇಲೆ ಆರಂಭಿಸಿ, ಒಂಬತ್ತೂವರೆಗೆ ನಿಲ್ಲಿಸಿ. ಮತ್ತೆ ನಾಲ್ಕಕ್ಕೆ ಇಳಿದು ಸೂರ್ಯ ಮುಳುಗುವ ಮೊದಲೇ ಮೇಲೆ ಬನ್ನಿ. ಫ್ಲೈಯನ್ನು ಹರಿವಿಗೆ ಅಡ್ಡಲಾಗಿ ಎಸೆದು, ಅದು ತೇಲಿ ಕೆಳಗೆ ಸಾಗುವಾಗ ಲೈನನ್ನು ಗೇಣುಗೇಣಾಗಿ ಎಡಗೈಯಿಂದ ಎಳೆಯಿರಿ. ಮೀನು ಕಚ್ಚಿದಾಗ ರಾಡ್ ಎತ್ತಬೇಡಿ. ಎತ್ತಿದರೆ ಫ್ಲೈ ಬಾಯಿಂದ ಹಾರಿಬರುತ್ತದೆ. ಎಡಗೈಯಿಂದಲೇ ಲೈನನ್ನು ಒಮ್ಮೆ ಬಿಗಿಯಾಗಿ ಎಳೆದು, ಗಾಳ ಕೂತ ಮೇಲೆ ರಾಡ್ ಎತ್ತಿ.

ಆಸೆಯ ಅಳತೆಯ ಬಗ್ಗೆ ಒಂದು ಮಾತು. ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಸಿಕ್ಕಿದ್ದು 1946ರಲ್ಲಿ. ನೀವು ಅರ್ಧ ಕೆಜಿ ಗೆಂಡೆಗೆ ಖುಷಿಪಡುವ ಮನಸ್ಸಿಟ್ಟುಕೊಂಡು ಹೋಗಿ.

ಹಂತ 7: ಹಿಡಿದ ಮೀನನ್ನು ಬಿಡುವುದು

ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬೂಷ್ಟು ಹತ್ತುತ್ತದೆ. ಮೀನು ಬಲೆಯೊಳಗೆ, ಬಲೆ ನೀರೊಳಗೆ ಇರಲಿ, ಗಾಳ ಅಲ್ಲೇ ತೆಗೆಯಿರಿ. ಫೋಟೊ ಬೇಕಿದ್ದರೆ ಕ್ಯಾಮೆರಾ ಮೊದಲು ಸಿದ್ಧವಾಗಲಿ, ಮೀನು ನೀರಿನಿಂದ ಹೊರಗಿರುವ ಹೊತ್ತು ಹತ್ತು ಸೆಕೆಂಡ್ ಮೀರದಿರಲಿ. ಕಿವಿರಿಗೆ ಬೆರಳು ಹಾಕಬೇಡಿ, ಬಂಡೆಯ ಮೇಲೆ ಮಲಗಿಸಬೇಡಿ. ಗಾಳ ಗಂಟಲಿಗೆ ಇಳಿದಿದ್ದರೆ ಕೀಳದೆ ದಾರವನ್ನು ಆದಷ್ಟು ಹತ್ತಿರ ಕತ್ತರಿಸಿ.

ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ. ಬಾಲದ ಬುಡ ಸಡಿಲವಾಗಿ ಹಿಡಿದು ಕಾಯಿರಿ, ಮೀನು ತಾನಾಗಿ ಒದ್ದು ಹೋಗಬೇಕು. ಹಿಂದೆ ಮುಂದೆ ತಳ್ಳಾಡುವುದು ತಪ್ಪು, ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ಉಲ್ಟಾ ನುಗ್ಗುತ್ತದೆ.

ಬೆನ್ನು ಗೂನಾಗಿ, ರೆಕ್ಕೆ ಬಾಲ ಕಿತ್ತಳೆ ಬಣ್ಣವಿದ್ದರೆ ಅದು ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್. ಐಯುಸಿಎನ್ (ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ಬಂದ ಜೀವಿ. ಅದಕ್ಕೆ ಫೋಟೊ ಕೂಡ ಬೇಡ, ಆ ಕ್ಷಣವೇ ಬಿಡಿ. ರಾತ್ರಿ ಊಟಕ್ಕೆ ಮೀನು ಬೇಕೆಂದರೆ ಅಡುಗೆಯವರಿಗೆ ಬೆಳಿಗ್ಗೆಯೇ ಹೇಳಿ, ಮಾರುಕಟ್ಟೆಯಿಂದ ತರುತ್ತಾರೆ.

ಹಂತ 8: ಮೇಲೆ ಬಂದುಬಿಡಬೇಕಾದ ಸೂಚನೆಗಳು

ನೀರಿಗಿಳಿದ ಕೂಡಲೇ ಅಂಚಿನಲ್ಲಿ ಒಂದು ಕಡ್ಡಿ ನೆಡಿ. ಕಾಲು ಗಂಟೆಗೊಮ್ಮೆ ನೋಡಿ. ನೀರು ಎರಡು ಬೆರಳು ಏರಿದ್ದರೆ ಮಾತಾಡದೆ ಹೊರಡಿ. ತಿಳಿ ನೀರು ಕದಡುವುದು, ಒಣ ಎಲೆ, ಕಡ್ಡಿ, ನೊರೆ ಗುಂಪಾಗಿ ತೇಲಿ ಬರುವುದು, ಹರಿವಿನ ಸದ್ದು ದಪ್ಪವಾಗುವುದು, ಇವೆಲ್ಲ ಮೇಲೆ ಗೇಟು ಎತ್ತಿದ ಲಕ್ಷಣ. ನಡುಗಡ್ಡೆಯಂಥ ಬಂಡೆಯ ಮೇಲೆ ನಿಂತವರಿಗೆ ಹಿಂದಿನ ಕವಲಿನಲ್ಲಿ ನೀರು ಏರಿದ್ದು ಗೊತ್ತೇ ಆಗುವುದಿಲ್ಲ. ಆ ಬಂಡೆಗಳಿಗೆ ಹೋಗಲೇಬೇಡಿ. ನೀರಿನಲ್ಲಿ ಮೊಣಕಾಲಿನ ಮೇಲೆ ಇಳಿಯಬೇಡಿ. ಕಟ್ಟೆಯ ಕೆಳಗೆ ನೀರು ಉರುಳಿ ವಾಪಸ್ ಎಳೆಯುವ ಜಾಗದಲ್ಲಿ ಈಜು ಬಲ್ಲವರೂ ಉಳಿಯುವುದಿಲ್ಲ.

ಮೊಸಳೆ ರಂಗನತಿಟ್ಟಿನ ಬೇಲಿಯೊಳಗೇ ಇರುತ್ತದೆ ಎಂದುಕೊಳ್ಳಬೇಡಿ. ಚಳಿಗಾಲದ ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯುವುದನ್ನು ಕಂಡರೆ, ಅಥವಾ ಮರಳಿನಲ್ಲಿ ಬಾಲ ಎಳೆದ ಗೆರೆಯಿದ್ದರೆ, ಆ ಪಾತ್ರದಲ್ಲಿ ನೀರಿಗೆ ಇಳಿಯುವುದು ಬೇಡ. ದಂಡೆಯಲ್ಲೂ ಅಂಚಿನಿಂದ ಮೂರು ಮೀಟರ್ ಹಿಂದೆ ನಿಲ್ಲಿ. ಮೀನನ್ನು ದಾರಕ್ಕೆ ಕಟ್ಟಿ ನೀರಲ್ಲಿ ಇಳಿಬಿಡುವುದು ಮೊಸಳೆಗೆ ಕರೆಯೋಲೆ ಕೊಟ್ಟಂತೆ. ಗುಡುಗು ಕೇಳಿದರೆ ರಾಡನ್ನು ನೆಲಕ್ಕೆ ಮಲಗಿಸಿ ದೂರ ಸರಿಯಿರಿ.

ಗಾಳ ಚರ್ಮಕ್ಕೆ ನಾಟಿದರೆ, ಹಿಮ್ಮುಳ್ಳು ಮಟ್ಟ ಮಾಡಿದ್ದಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿಸಿ ತೆಗೆಯಬಹುದು. ಸೋಪಿನಿಂದ ತೊಳೆದು, ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಡಾಕ್ಟರಿಗೆ ಹೇಳಿ. ಕಣ್ಣಿನ ಬಳಿ ನಾಟಿದರೆ ಮುಟ್ಟಲೇಬೇಡಿ. ಮೇಲೆ ಒಂದು ಕಾಗದದ ಲೋಟ ಮುಚ್ಚಿ, ಅಲುಗದಂತೆ ಹಿಡಿದು, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ, ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ. ತಂಗುದಾಣದಿಂದ ಎರಡೂ ಎಷ್ಟು ದೂರ, ರಾತ್ರಿ ಗಾಡಿ ಸಿಗುತ್ತದೆಯೇ ಎಂದು ತಲುಪಿದ ಸಂಜೆಯೇ ಕೇಳಿಟ್ಟುಕೊಂಡಿರಬೇಕು.

ವಾಪಸ್ ಬಂದ ಮೇಲೆ ಶೂ, ಬಲೆ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಶೂಗೆ ಅಂಟಿದ ಜೊಂಡಿನ ಬೇರು ಇನ್ನೊಬ್ಬರ ಕೃಷಿ ಹೊಂಡಕ್ಕೆ ಹೋಗಬಾರದು. ಲೈನನ್ನು ರೀಲಿನಿಂದ ಬಿಚ್ಚಿ ನೆರಳಿನಲ್ಲಿ ಒಣಗಿಸಿ, ಬಿಸಿಲಿನಲ್ಲಿಟ್ಟರೆ ಮುಂದಿನ ಡಿಸೆಂಬರ್‌ಗೆ ಬಿರುಕು ಬಿಟ್ಟಿರುತ್ತದೆ.